ಆತಕೂರಿನ ಕಾಳಿಗೆ ನಿಲ್ಲಿಸಿದ ಕಲ್ಲು

ಕೇಳುಗರೇ, ನಮಸ್ಕಾರ.

ಯಾವ ರಾಜ ಯಾವಾಗ ಪಟ್ಟಕ್ಕೆ ಬಂದ, ಯಾವ ಕಾಳಗ ಎಲ್ಲಿ ನಡೆಯಿತು ಅಂತ ಚರಿತ್ರೆಯಲ್ಲಿ ಓದಿರುತ್ತೇವೆ. ಆ ಕಾಲದ ಜನ ಯಾವುದಕ್ಕೆ ಅತ್ತರು, ಯಾವುದಕ್ಕೆ ಸಿಟ್ಟಾದರು? ಇದನ್ನೂ ಹುಡುಕಬೇಕು ಅಂತ ಫ್ರಾನ್ಸಿನ ಇತಿಹಾಸಕಾರ ಲೂಸಿಯೆನ್ ಫೆವ್ರ್ 1941ರಲ್ಲೇ ಒತ್ತಾಯಿಸಿದರು. 1985ರಲ್ಲಿ ಅಮೆರಿಕದ ಇತಿಹಾಸಕಾರರಾದ ಪೀಟರ್ ಮತ್ತು ಕ್ಯಾರಲ್ ಸ್ಟರ್ನ್ಸ್ ಇನ್ನೊಂದು ಮಾತು ಸೇರಿಸಿದರು. ಜನರಿಗೆ ಏನನ್ನಿಸಿತು ಅನ್ನೋದು ಬೇರೆ, ಹೀಗೇ ಅನ್ನಿಸಬೇಕು ಅಂತ ಸಮಾಜ ಹಾಕಿದ ಕಟ್ಟಳೆ ಬೇರೆ. ಎರಡನ್ನೂ ಕಲಸಬಾರದು.

ಇದು ಎಷ್ಟು ಸೂಕ್ಷ್ಮ ಅಂತ ತಿಳಿಯೋಕೆ ನಮ್ಮ ಮಂಡ್ಯ ಜಿಲ್ಲೆಯ ಒಂದು ಕಲ್ಲೇ ಸಾಕು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಸುಮಾರು ಕ್ರಿ.ಶ. 950ರ ಕಲ್ಲು. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ಗಂಗರ ದೊರೆ ಬೂತುಗ ಮೆಚ್ಚಿ, ಬೇಕಾದ್ದು ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆಮೇಲೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಎರಡೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವ, ಅಂದರೆ ಪೂಜಾರಿ, ಉಂಡರೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದರು.

ಓದಿದ ಕೂಡಲೇ ನಮಗೆ ಅನ್ನಿಸೋದು, ಪಾಪ, ಎಷ್ಟು ಅತ್ತಿರಬೇಕು ಅಂತ ಅಲ್ವಾ? ಭಾವನೆಗಳ ಚರಿತ್ರೆ ಹುಡುಕುವ ವಿದ್ವಾಂಸರು ಇಲ್ಲೇ ತಡೆದು ನಿಲ್ಲುತ್ತಾರೆ. ಮಣಲೇರ ಅತ್ತ ಅಂತ ಶಾಸನ ಹೇಳೋದಿಲ್ಲ. ಅದರಲ್ಲಿರೋದು ಕಾಳಗ, ಭೂಮಿ, ಪೂಜೆ. ಒಂದೊಂದು ಗುಂಪು ಯಾವ ಭಾವನೆಗೆ ಬೆಲೆ ಕೊಡುತ್ತದೆ, ಯಾವುದನ್ನು ಅದುಮಿಡುತ್ತದೆ ಅಂತ ನೋಡಿ ಎನ್ನುತ್ತಾರೆ ಇತಿಹಾಸಕಾರ್ತಿ ಬಾರ್ಬರಾ ರೋಸೆನ್‌ವೈನ್. ಮಣಲೇರನ ಜೊತೆಗಾರರಲ್ಲಿ ಕಾದಿ ಸಾಯೋದೇ ದೊಡ್ಡದು. ಹಾಗಾಗಿ ನಾಯಿಗೂ ವೀರನ ಮರ್ಯಾದೆಯೇ ಸಿಕ್ಕಿತು. ಆದರೂ, ಬೇಕಾದ್ದು ಕೇಳು ಅಂದಾಗ ನಾಯಿಯನ್ನು ಕೇಳಿದವನಿಗೆ ಅದರ ಮೇಲೆ ಪ್ರೀತಿ ಇರಲಿಲ್ಲ ಅಂತ ನಾನಂತೂ ಒಪ್ಪಲಾರೆ.

ಒಂದೇ ಕಲ್ಲು ನಂಬಿ ಕೂರೋ ಹಾಗಿಲ್ಲ. ಪಕ್ಕದಲ್ಲಿ ಮಾಸ್ತಿಕಲ್ಲುಗಳನ್ನೂ, ಅಂದರೆ ಸತಿ ಹೋದ ಹೆಂಗಸರಿಗೆ ನಿಲ್ಲಿಸಿದ ಕಲ್ಲುಗಳನ್ನೂ, ಇಟ್ಟು ನೋಡಬೇಕು. ಬಳೆ ತೊಟ್ಟ ತೋಳು ಮೇಲೆತ್ತಿರುತ್ತದೆ, ಗಂಡನ ಜೊತೆ ಹೋದವಳು ಅಂತ ಹೊಗಳಿಕೆ ಇರುತ್ತದೆ. ಅವಳಿಗೆ ಹೆದರಿಕೆ ಆಯಿತಾ, ಬೇಡ ಅನ್ನಿಸಿತಾ? ಕಲ್ಲು ನಿಲ್ಲಿಸಿದವರು ಬೇರೆಯವರು. ಅವರಿಗೆ ಬೇಕಾದ್ದನ್ನಷ್ಟೇ ಕೆತ್ತಿಸಿದರು. ಅದಕ್ಕೇ ಈ ವಿದ್ವಾಂಸರು ಕಲ್ಲಿನಲ್ಲಿ ಏನಿದೆ ಅನ್ನೋದಕ್ಕಿಂತ ಮೊದಲು, ಬರೆಸಿದವರು ಯಾರು ಅಂತ ಕೇಳುತ್ತಾರೆ.

ನಮಸ್ಕಾರ.