ಮುನಿದ ಎಲೆಯ ಮುಂದೆ

ಕೇಳುಗರೇ, ನಮಸ್ಕಾರ.

ಮುಟ್ಟಿದರೆ ಮುನಿ ಗಿಡವನ್ನು ಕಂಡೂ ಮುಟ್ಟದೆ ಬಂದವರು ಯಾರಾದರೂ ಇದ್ದೀರಾ? ಬೆರಳು ತಾಗಿದ್ದೇ ತಡ, ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ, ತೊಟ್ಟು ಜೋತುಬೀಳುತ್ತದೆ. ನಾವು ನಕ್ಕು ಮುಂದೆ ಹೋಗುತ್ತೇವೆ. ಆ ಎಲೆ ಮತ್ತೆ ಬಿಚ್ಚಿಕೊಳ್ಳುವುದನ್ನು ಕೂತು ನೋಡಿದವರು ಕಡಿಮೆ. ಐವತ್ತು ದಾಟುವವರೆಗೆ ನಾನೂ ನೋಡಿರಲಿಲ್ಲ.

ಒಂದು ದಿನ ಮನಸ್ಸು ಯಾವುದರಲ್ಲೂ ನಿಲ್ಲುತ್ತಿರಲಿಲ್ಲ. ಸುಮ್ಮನೆ ಆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಎರಡು ನಿಮಿಷ ಏನೂ ಆಗಲಿಲ್ಲ. ಎದ್ದುಬಿಡೋಣ ಅನ್ನಿಸಿತು, ಮಂಡಿ ಬೇರೆ ನೋಯುತ್ತಿತ್ತು. ಆಮೇಲೆ ಒಂದು ಜೋಡಿ ಎಲೆಯ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ಎಲೆ ಬಿಚ್ಚುವುದು ಕಾಣುವುದಿಲ್ಲ, ನೋಡಿ. ಬಿಚ್ಚಿದ್ದು ಮಾತ್ರ ಕಾಣುತ್ತದೆ. ಹತ್ತು ನಿಮಿಷಕ್ಕೂ ಹೆಚ್ಚೇ ಹಿಡಿಯಿತು. ಅಷ್ಟರಲ್ಲಿ ನನ್ನ ಉಸಿರು ಯಾವಾಗ ನಿಧಾನವಾಯಿತೋ ಗೊತ್ತಾಗಲಿಲ್ಲ.

ತೊಟ್ಟಿನ ಬುಡದಲ್ಲಿ ಒಂದು ಸಣ್ಣ ಉಬ್ಬಿದೆ. ಮುಟ್ಟಿದಾಗ ಅದರ ಒಂದು ಪಕ್ಕದ ಜೀವಕೋಶಗಳಿಂದ ನೀರು ಹೊರಬಂದು ಬಿಗಿ ಸಡಿಲುತ್ತದೆ. ಆ ನೀರು ಮರಳಿ ತುಂಬಬೇಕು. ಬೆರಳಿಂದ ಬಿಡಿಸಹೋದರೆ ಇನ್ನಷ್ಟು ಮುನಿಯುತ್ತದೆ, ಅಷ್ಟೆ.

1729ರಲ್ಲಿ ಫ್ರಾನ್ಸಿನ ದ ಮೇರಾನ್ ಎಂಬವರು ಇಂಥದೇ ಗಿಡವನ್ನು ಕತ್ತಲಲ್ಲಿಟ್ಟು ನೋಡಿದರು. ಬಿಸಿಲಿಲ್ಲದೆಯೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿ, ರಾತ್ರಿಯ ಹೊತ್ತಿಗೆ ಮಡಚುತ್ತಿತ್ತು. ಗಿಡದೊಳಗೇ ಒಂದು ಗಡಿಯಾರ ಇದೆ ಎಂಬುದರ ಮೊದಲ ಸುಳಿವು ಅದು. ಕಂಡುಕೊಂಡವರು ಸಸ್ಯ ವಿಜ್ಞಾನಿಯಲ್ಲ, ನಕ್ಷತ್ರ ನೋಡುತ್ತಿದ್ದವರು. ಕಾದು ನೋಡುವುದು ಅವರಿಗೆ ರೂಢಿಯಾಗಿತ್ತೇನೋ!

ನಾನು ಕುಂಡದ ಗಿಡಗಳನ್ನು ಸಾಯಿಸಿದ್ದು ನಿರ್ಲಕ್ಷ್ಯದಿಂದಲ್ಲ, ಅಕ್ಕರೆಯಿಂದ. ದಿನಾ ನೀರು ಸುರಿದು, ಬೇರು ಕೊಳೆಸಿ. ಎಲೆ ಬಾಡಿದೆಯೆಂದು ಮತ್ತಷ್ಟು ಸುರಿದೆ. ಬೇರಿಗೂ ಗಾಳಿ ಬೇಕು ಎಂಬುದು ಆಗ ಹೊಳೆಯಲಿಲ್ಲ. ಈಗ ಮೊದಲು ಮಣ್ಣಿಗೆ ಬೆರಳು ಹಾಕುತ್ತೇನೆ. ತೇವವಿದ್ದರೆ ಚೊಂಬನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಎಲೆ ನೋಡುತ್ತೇನೆ. ಆರೈಕೆಯಲ್ಲಿ ಅರ್ಧ ಪಾಲು ಈ ನೋಡುವುದೇ ಎಂದು ನನ್ನ ಲೆಕ್ಕ.

ಮೊನ್ನೆ ಮೊಮ್ಮಗಳನ್ನೂ ಮುಟ್ಟಿದರೆ ಮುನಿಯ ಮುಂದೆ ಕೂರಿಸಿಕೊಂಡೆ. "ತಾತಾ, ಇದು ಯಾವಾಗ ಏಳತ್ತೆ?" ಅಂದಳು. ಕಾಯೋಣ ಅಂದೆ. ಎಲ್ಲಿ ಕಾದಾಳು! ತುಸು ಬಿಚ್ಚುತ್ತಲೇ ಮತ್ತೆ ಮುಟ್ಟುವಳು. ಕೊನೆಗೆ ಬೇಸತ್ತು ಓಡಿದಳು.

ನಾನು ಮಾತ್ರ ಅಲ್ಲೇ ಕೂತಿದ್ದೆ, ಕೊನೆಯ ಜೋಡಿ ಬಿಚ್ಚುವ ತನಕ.

ನಮಸ್ಕಾರ.