ಮದುವೆ ಡಿವಿಡಿ ಕಂಪ್ಯೂಟರಿಗೆ ಇಳಿಯಲು ಯಾಕಿಷ್ಟು ಹೊತ್ತು?

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯ ಬೀರುವಿನಲ್ಲೂ ಒಂದು ಮದುವೆ ಡಿವಿಡಿ ಇರಬಹುದು. ದಪ್ಪನೆಯ ಕವರು, ಮೇಲೆ ಗಂಡು ಹೆಣ್ಣಿನ ಫೋಟೊ, ಒಳಗೆ ಎರಡೋ ಮೂರೋ ಡಿಸ್ಕು. ವರಪೂಜೆ ಒಂದರಲ್ಲಿ, ಧಾರೆ ಇನ್ನೊಂದರಲ್ಲಿ, ರಿಸೆಪ್ಷನ್ ಮತ್ತೊಂದರಲ್ಲಿ. ಹಾಕಿ ನೋಡೋಣ ಅಂದರೆ ಪ್ಲೇಯರ್ ಯಾವತ್ತೋ ಗುಜರಿಗೆ ಹೋಗಿದೆ. ಸರಿ, ಕಂಪ್ಯೂಟರಿಗಾದರೂ ಇಳಿಸಿಕೊಳ್ಳೋಣ ಅಂತ ಡಿಸ್ಕ್ ಹಾಕಿ ಕೂತರೆ, ಪರದೆ ಮೇಲೆ ‘ಇನ್ನು ಐದು ಗಂಟೆ’ ಅಂತ ಬರುತ್ತದೆ. ಕಂಪ್ಯೂಟರ್ ಹಳೇದಾಯ್ತು, ಹೊಸದು ತಗೋಬೇಕು ಅಂತ ಮನೆಯಲ್ಲಿ ತೀರ್ಮಾನವೂ ಆಗಿಬಿಡುತ್ತದೆ.

ಸ್ವಲ್ಪ ತಡೀರಿ. ದುಡ್ಡು ಖರ್ಚು ಮಾಡುವ ಮೊದಲು, ತಡ ಮಾಡುತ್ತಿರುವುದು ಯಾರು ಅಂತ ಹಿಡಿಯೋಣ.

ಇಲ್ಲಿ ಒಟ್ಟಿಗೆ ಎರಡು ಕೆಲಸ ನಡೆಯುತ್ತಿರುತ್ತವೆ. ಡಿಸ್ಕ್ ಓದುವುದು ಒಂದು. ಓದಿದ್ದನ್ನು ಅರೆದು ಚಿಕ್ಕ ಫೈಲ್ ಮಾಡುವುದು, ಅಂದರೆ ಎನ್‌ಕೋಡಿಂಗ್, ಇನ್ನೊಂದು. ಮೊದಲನೆಯದು ಡಿವಿಡಿ ಡ್ರೈವ್‌ನ ಪಾಲು, ಎರಡನೆಯದು ಪ್ರೊಸೆಸರ್‌ನ ಪಾಲು. ಸಾಫ್ಟ್‌ವೇರ್ ನಮಗೆ ತೋರಿಸುವುದು ಮಾತ್ರ ಒಂದೇ ಉದ್ದನೆಯ ಪಟ್ಟಿ. ಅದು ತೆವಳುತ್ತಿದ್ದರೆ ತಪ್ಪು ಯಾರದ್ದು ಅಂತ ಅದನ್ನು ನೋಡಿ ಹೇಳಲು ಬರುವುದಿಲ್ಲ.

ಹಾಗಾಗಿ, ಕೆಲಸ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಸಿಪಿಯು ಅನ್ನುವ ಕಡೆ 95, 100 ಅಂತ ಇದ್ದರೆ ಪ್ರೊಸೆಸರ್ ಬೆವರು ಸುರಿಸುತ್ತಿದೆ, ಎನ್‌ಕೋಡಿಂಗೇ ನಿಧಾನ. ಅದೇ ಸಿಪಿಯು 10, 15ರಲ್ಲಿ ಆರಾಮಾಗಿದ್ದೂ ಕೆಲಸ ಮುಂದಕ್ಕೆ ಹೋಗುತ್ತಿಲ್ಲ ಅಂದರೆ, ಅದು ಡ್ರೈವ್‌ನಿಂದ ಬರಬೇಕಾದದ್ದಕ್ಕೆ ಕಾಯುತ್ತಾ ಕೂತಿದೆ.

ಮೊದಲು ಡ್ರೈವ್ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಹಳೇ ಡಿಸ್ಕ್‌ಗಳಲ್ಲಿ ಜಾಸ್ತಿ ಕೈಕೊಡುವುದು ಇದೇ. ಡಿವಿಡಿಯಲ್ಲಿ ಒಂದು ಎಕ್ಸ್ ವೇಗ ಅಂದರೆ ಸೆಕೆಂಡಿಗೆ ಸುಮಾರು 1.38 ಎಂಬಿ. 4.7 ಜಿಬಿಯ ಪೂರ್ತಿ ಡಿಸ್ಕನ್ನು ಆ ವೇಗದಲ್ಲಿ ಓದಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಎಂಟು ಎಕ್ಸ್‌ನಲ್ಲಿ ಓದಿದರೆ ಏಳು ನಿಮಿಷ ಸಾಕು. ಡಬ್ಬದ ಮೇಲೆ 16 ಎಕ್ಸ್ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಆ ವೇಗ ಸಿಗುವುದು ಡಿಸ್ಕ್‌ನ ಹೊರ ಅಂಚಿನಲ್ಲಿ ಮಾತ್ರ. ಓದುವುದು ಶುರುವಾಗುವುದು ಒಳಗಿನಿಂದ, ಅಲ್ಲಿ ವೇಗ ಅದರ ಅರ್ಧವೂ ಇರುವುದಿಲ್ಲ. ಆದ್ದರಿಂದ ಶುರುವಿನಲ್ಲಿ ನಿಧಾನ ಅಂತ ಗಾಬರಿ ಬೇಡ.

ಗಾಬರಿ ಆಗಬೇಕಾದದ್ದು ಡ್ರೈವ್ ಗುಂಯ್ ಅಂತ ತಿರುಗಿ, ತಟ್ಟನೆ ನಿಂತು, ಮತ್ತೆ ತಿರುಗಲು ಶುರು ಮಾಡಿದಾಗ. ಗೀರು ಬಿದ್ದ ಜಾಗ ಬಂದರೆ ಡ್ರೈವ್ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ, ಪ್ರತಿ ಸಲವೂ ವೇಗ ತಗ್ಗಿಸಿಕೊಳ್ಳುತ್ತದೆ. ಡಿಸ್ಕ್ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಬೆರಳಚ್ಚು, ಧೂಳು ಇದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ನೇರವಾಗಿ ಒರೆಸಿ. ದಯವಿಟ್ಟು ಸುತ್ತ ತಿರುಗಿಸಿ ಉಜ್ಜಬೇಡಿ. ಸುತ್ತಿನ ದಿಕ್ಕಿಗೆ ಗೀರು ಬಿದ್ದರೆ ಅದು ಓದುವ ಹಾದಿಯ ಉದ್ದಕ್ಕೂ ಬೀಳುತ್ತದೆ, ಅಡ್ಡ ಗೀರಿಗಿಂತ ಅದರ ಕಾಟ ಹೆಚ್ಚು.

ಡಿಸ್ಕ್ ಚೆನ್ನಾಗಿದೆ, ನಿಲ್ಲದೆ ಓಡುತ್ತಿದೆ, ಆದರೆ ಮೊದಲಿಂದ ಕೊನೆವರೆಗೂ ಎರಡು ಎಕ್ಸ್ ದಾಟುವುದೇ ಇಲ್ಲ ಅಂತಿಟ್ಟುಕೊಳ್ಳಿ. ಇದಕ್ಕೆ ಬೇರೆಯದೇ ಕಾರಣ ಇರಬಹುದು. ವಿಡಿಯೊ ನೋಡುವಾಗ ಸದ್ದು ಬರಬಾರದು ಅಂತ, ವಿಡಿಯೊ ಡಿಸ್ಕ್ ಹಾಕಿದ ಕೂಡಲೇ ವೇಗ ಇಳಿಸುವಂತೆ ಕೆಲವು ಡ್ರೈವ್‌ಗಳ ಒಳಗೇ ಬರೆದಿಟ್ಟಿರುತ್ತಾರೆ. ರಿಪ್‌ಲಾಕ್ ಅಂತಾರೆ ಇದನ್ನ. ಪತ್ತೆ ಮಾಡುವುದು ಸುಲಭ: ಫೋಟೊ, ಫೈಲು ತುಂಬಿದ ಮಾಮೂಲಿ ಡೇಟಾ ಡಿವಿಡಿ ಹಾಕಿ ನೋಡಿ. ಅದು ಸರಸರ ಕಾಪಿ ಆದರೆ ಅನುಮಾನ ನಿಜ. ಬೇರೆ ಕಂಪನಿಯ ಡ್ರೈವನ್ನು ಯಾರ ಹತ್ತಿರವಾದರೂ ಎರವಲು ತನ್ನಿ, ಅದೇ ಸುಲಭ.

ಅಟ್ಟದ ಮೇಲಿದ್ದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರನ್ನೇ ಈ ಕೆಲಸಕ್ಕೆ ಇಳಿಸಿದವರಿಗೆ ಒಂದು ಮಾತು. ಗೀರು ಬಿದ್ದ ಡಿಸ್ಕ್ ಓದುತ್ತಾ ತಪ್ಪುಗಳು ಆರು ಸಲ ಆದರೆ ಎಕ್ಸ್‌ಪಿ ಆ ಡ್ರೈವನ್ನು ಡಿಎಂಎ ಅನ್ನುವ ವೇಗದ ದಾರಿಯಿಂದ ಪಿಐಒ ಅನ್ನುವ ನಿಧಾನದ ದಾರಿಗೆ ತಳ್ಳುತ್ತದೆ. ಆಮೇಲೆ ಹೊಚ್ಚ ಹೊಸ ಡಿಸ್ಕ್ ಹಾಕಿದರೂ ಅದೇ ಆಮೆ ನಡಿಗೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಡ್ರೈವ್ ಸೇರಿರುವ ಐಡಿಇ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ಮತ್ತೆ ಚಾಲು ಮಾಡಿದರೆ ಸರಿಹೋಗುತ್ತದೆ. ಈ ಕಥೆಯಲ್ಲಿ ಸಿಪಿಯು ಕೂಡ ಮೇಲಕ್ಕೆ ಏರಿರುತ್ತದೆ, ಹಾಗಾಗಿ ನಾನು ಹೇಳಿದ ಟಾಸ್ಕ್ ಮ್ಯಾನೇಜರ್ ಪರೀಕ್ಷೆ ಇಲ್ಲಿ ದಾರಿ ತಪ್ಪಿಸುತ್ತದೆ.

ಯುಎಸ್‌ಬಿ ಡ್ರೈವ್ ಇದ್ದರೆ ಒಂದು ಕಿಂಡಿಯನ್ನು ನಾಲ್ಕಾರು ಮಾಡುವ ಹಬ್‌ಗೆ ಚುಚ್ಚಬೇಡಿ, ನೇರ ಕಂಪ್ಯೂಟರಿಗೇ ಚುಚ್ಚಿ. ಕರೆಂಟ್ ಸಾಲದಿದ್ದರೆ ಆ ಪುಟ್ಟ ಡ್ರೈವ್‌ಗಳು ತಡವರಿಸುತ್ತವೆ. ಕಾಪಿ ನೇರ ಪೆನ್ ಡ್ರೈವ್‌ಗೆ ಬೇಡ, ಹಾರ್ಡ್ ಡಿಸ್ಕ್‌ಗೆ ಹೋಗಲಿ.

ಈಗ ಪ್ರೊಸೆಸರ್. ಇಲ್ಲಿ ನನ್ನ ಸಲಹೆ ಒಂದೇ, ಎರಡು ಕೆಲಸವನ್ನೂ ಒಟ್ಟಿಗೆ ಮಾಡಿಸಬೇಡಿ. ಮದುವೆ ಡಿವಿಡಿಗೆ ಸಾಮಾನ್ಯವಾಗಿ ಕಾಪಿ ತಡೆಯುವ ಯಾವ ಬೀಗವೂ ಇರುವುದಿಲ್ಲ. ಡಿಸ್ಕ್ ತೆರೆದರೆ ವಿಡಿಯೊ ಟಿಎಸ್ ಅನ್ನುವ ಫೋಲ್ಡರ್ ಕಾಣುತ್ತದೆ. ಅದನ್ನು ಹಾಗೇ ಎತ್ತಿ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಒಳಗಿರುವ ವಿಒಬಿ ಅನ್ನುವ ವಿಡಿಯೊ ಫೈಲುಗಳು ವಿಎಲ್‌ಸಿ ಅನ್ನುವ ಉಚಿತ ಪ್ಲೇಯರ್‌ನಲ್ಲಿ ಇದ್ದಂತೆಯೇ ಓಡುತ್ತವೆ. ನಿಜ ಹೇಳಬೇಕಂದರೆ ಎಷ್ಟೋ ಮನೆಗಳಿಗೆ ಅಲ್ಲಿಗೇ ಕೆಲಸ ಮುಗಿಯಿತು. ಇವತ್ತಿನ ಹಾರ್ಡ್ ಡಿಸ್ಕ್‌ನಲ್ಲಿ ನಾಲ್ಕೂವರೆ ಜಿಬಿ ಯಾವ ಲೆಕ್ಕ?

ಇಲ್ಲ, ವಾಟ್ಸಾಪ್‌ನಲ್ಲಿ ಅತ್ತೆಗೆ ಕಳಿಸಬೇಕು, ಫೋನಿನಲ್ಲಿ ಇಟ್ಟುಕೊಳ್ಳಬೇಕು ಅನ್ನುವವರು ಆ ಫೋಲ್ಡರನ್ನೇ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ಗೆ ಕೊಡಿ. ನಮ್ಮ ಕಡೆಯ ಡಿವಿಡಿಯ ಚಿತ್ರ ಸಾಮಾನ್ಯವಾಗಿ 720 ಪಿಕ್ಸೆಲ್ ಅಡ್ಡ, 576 ಪಿಕ್ಸೆಲ್ ಉದ್ದ. ಅದನ್ನು 1080ಕ್ಕೆ ಹಿಗ್ಗಿಸುವುದು ಸುಮ್ನೆ ಹೊತ್ತು ದಂಡ, ಇಲ್ಲದ ಸ್ಪಷ್ಟತೆ ಎಲ್ಲಿಂದ ಬರಬೇಕು? ವಿಡಿಯೊ ಕುಗ್ಗಿಸುವ ವಿಧಾನಗಳಲ್ಲಿ ಎಚ್ 265ಕ್ಕಿಂತ ಎಚ್ 264 ಬೇಗ ಮುಗಿಯುತ್ತದೆ. ಎನ್‌ಕೋಡಿಂಗ್ ವೇಗದ ಪ್ರಿಸೆಟ್ ‘ವೆರಿ ಸ್ಲೋ’ ಅಂತ ಇದ್ದರೆ ‘ಫಾಸ್ಟ್’ಗೆ ತನ್ನಿ. ಚಿತ್ರದ ಕಾಳುಕಾಳನ್ನು ಅಳಿಸುವ ಡಿನಾಯ್ಸ್ ಆಫ್ ಮಾಡಿ, ಅದರಲ್ಲೂ ಎನ್‌ಎಲ್‌ಮೀನ್ಸ್ ಅನ್ನುವುದು ಪ್ರೊಸೆಸರನ್ನು ಹಿಂಡಿಬಿಡುತ್ತದೆ. ಡೀಇಂಟರ್‌ಲೇಸ್ ಮಾತ್ರ ಇರಲಿ. ಇಲ್ಲದಿದ್ದರೆ ಅಕ್ಷತೆ ಹಾಕುವ ಕೈಗಳ ಅಂಚಿನಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. 2011ರ ನಂತರದ ಬಹಳಷ್ಟು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎನ್‌ಕೋಡಿಂಗನ್ನು ಬೇಗ ಮುಗಿಸುವ ಕ್ವಿಕ್ ಸಿಂಕ್ ಅನ್ನುವ ಸೌಲಭ್ಯ ಇದೆ. ಹ್ಯಾಂಡ್‌ಬ್ರೇಕ್‌ನ ಪಟ್ಟಿಯಲ್ಲಿ ಅದು ಕಂಡರೆ ಆರಿಸಿ. ಫೈಲ್ ಸ್ವಲ್ಪ ದೊಡ್ಡದಾದೀತು, ಹೊತ್ತು ಮಾತ್ರ ತುಂಬಾ ಉಳಿಯುತ್ತದೆ.

ಇಷ್ಟೆಲ್ಲ ಆದಮೇಲೂ ಮೊದಲ ಹತ್ತು ನಿಮಿಷ ಚುರುಕಾಗಿ ಓಡಿ ಆಮೇಲೆ ಸೋತರೆ ಅದು ಬಿಸಿ. ಲ್ಯಾಪ್‌ಟಾಪ್ ಹಾಸಿಗೆ ಮೇಲಿದ್ದರೆ ಎತ್ತಿ ಮೇಜಿನ ಮೇಲಿಡಿ, ಚಾರ್ಜರ್ ಹಾಕಿ. ಡೆಸ್ಕ್‌ಟಾಪ್ ಆದರೆ ಆಫ್ ಮಾಡಿ, ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ ಫ್ಯಾನ್ ಸುತ್ತಲಿನ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ರಾತ್ರಿ ಓಡಲು ಬಿಟ್ಟು ಮಲಗುವವರು ಸ್ಲೀಪ್ ಆಫ್ ಮಾಡುವುದನ್ನು ಮರೆಯಬೇಡಿ, ಕಂಪ್ಯೂಟರೂ ನಿಮ್ಮ ಜೊತೆಗೇ ಮಲಗಿದರೆ ಬೆಳಗ್ಗೆ ಎದ್ದಾಗ ಪಟ್ಟಿ ಅಲ್ಲೇ ನಿಂತಿರುತ್ತದೆ. ಮತ್ತೆ, ಫೈಲ್ ಸಿದ್ಧವಾದ ಮೇಲೆ ಶುರು, ನಡು, ಕೊನೆ ಮೂರೂ ಕಡೆ ಓಡಿಸಿ, ದನಿ ತುಟಿಗೆ ಹೊಂದುತ್ತಿದೆಯಾ ನೋಡಿ. ಅಲ್ಲಿಯವರೆಗೂ ಡಿಸ್ಕ್ ಬೀರುವಿನಲ್ಲೇ ಇರಲಿ. ನಮಸ್ಕಾರ.