ಸೂರಿನಡಿಯ ಸೇತುವೆಗಳು: ವರ್ಮಾಂಟ್ ದಾರಿಯಲ್ಲಿ ಕಾರು, ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ.

ಅಕ್ಟೋಬರ್ ಬಂತೆಂದರೆ ಅಮೆರಿಕದ ಈ ಈಶಾನ್ಯ ಮೂಲೆಯಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಚಿತ್ರಗಳು ಓಡಾಡುತ್ತವೆ. ಮೇಪಲ್ ಮರದ ಕೆಂಪು ಎಲೆ, ಅದರ ಹಿಂದೆ ಮಾಡು, ಗೋಡೆ ಎಲ್ಲ ಇರುವ ಹಳೆಯ ಮರದ ಸೇತುವೆ, ಮುಂದೆ ನಗುತ್ತ ನಿಂತ ಸಂಸಾರ. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಆದರೆ ಸೇತುವೆಯ ಬಾಯಿ ಎದುರು ನಿಂತು ಒಂದು ಫೋಟೊ ತೆಗೆದು ಹೊರಟುಬಿಟ್ಟರೆ, ನೋಡಬೇಕಾದದ್ದು ಅಲ್ಲೇ ಉಳಿದುಬಿಡುತ್ತದೆ. ಈ ಸೇತುವೆಗಳ ಚಂದ ಇರುವುದು ಒಳಗೆ, ಮರದ ಕೆಲಸದಲ್ಲಿ. ಅದನ್ನು ನೋಡುವುದು ಹೇಗೆ, ಚಿತ್ರದಲ್ಲಿ ಹಿಡಿಯುವುದು ಹೇಗೆ ಅಂತ ಹೇಳಲು ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಸೇತುವೆಗೆ ಮಾಡು ಯಾಕೆ ಅನ್ನುವುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಉತ್ತರಗಳೂ ಬೇಕಾದಷ್ಟಿವೆ. ಕೆಳಗೆ ಹರಿಯುವ ನೀರು ಕಂಡು ಕುದುರೆ ಬೆದರಬಾರದು ಅಂತ, ದಾರಿಹೋಕರಿಗೆ ಮಳೆಯಲ್ಲಿ ಆಸರೆಯಾಗಲಿ ಅಂತ, ದಾರಿಯ ಮೇಲೆ ಹಿಮ ಬೀಳದಿರಲಿ ಅಂತ. ಹಿಮದ ಮಾತಂತೂ ಪೂರ್ತಿ ತಲೆಕೆಳಗು. ಹತ್ತೊಂಬತ್ತನೇ ಶತಮಾನದಲ್ಲಿ ಚಳಿಗಾಲ ಬಂದರೆ ಇಲ್ಲಿಯ ಜನ ಗಾಲಿಯ ಬಂಡಿ ಬಿಟ್ಟು ಜಾರುಬಂಡಿ ಹೂಡುತ್ತಿದ್ದರು. ಸೇತುವೆಯೊಳಗೆ ಹಿಮ ಇಲ್ಲದಿದ್ದರೆ ಜಾರುಬಂಡಿ ಒಣ ಹಲಗೆಯ ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಊರಿನವರೇ ಕೂಲಿ ಕೊಟ್ಟು, ಹೊರಗಿನ ಹಿಮವನ್ನು ಸಲಿಕೆಯಲ್ಲಿ ತಂದು ಸೇತುವೆಯೊಳಗೆ ಹರಡಿಸುತ್ತಿದ್ದರು!

ನಿಜವಾದ ಕಾರಣ ಮಳೆ. ಇಲ್ಲಿ ಕೂತಿರುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಕ್ಕೆ ಹಾಕಿದ ಕಾಲುಸಂಕ ಕೆಲವೇ ಮಳೆಗಾಲದಲ್ಲಿ ಹೇಗೆ ಲಡ್ಡಾಗುತ್ತದೆ ಅಂತ ನೋಡಿಯೇ ಬೆಳೆದವರು ನಾವು. ಮರ ನೆನೆದು ಬೇಗ ಒಣಗಿದರೆ ಅಷ್ಟೇನೂ ತೊಂದರೆಯಿಲ್ಲ. ಒಣಗದೆ ಉಳಿದರೆ ಕಷ್ಟ. ಎರಡು ತೊಲೆ ಸೇರುವ ಸಂದಿಯಲ್ಲಿ ನೀರು ನಿಂತು, ಬೂಷ್ಟು ಹತ್ತಿ, ಅಲ್ಲಿಂದಲೇ ಕೊಳೆಯಲು ಶುರುವಾಗುತ್ತದೆ. ಸೇತುವೆಯ ಭಾರವೆಲ್ಲ ಸಾಗುವುದೂ ಆ ಸಂದಿಗಳ ಮೂಲಕವೇ. ಮಳೆಗೆ ಮೈಯೊಡ್ಡಿ ನಿಂತ ಮರದ ಸೇತುವೆ ಹತ್ತಿಪ್ಪತ್ತು ವರ್ಷ ಬಾಳಿದರೆ ಹೆಚ್ಚು. ಪಕ್ಕಕ್ಕೆ ಹಲಗೆ ಹೊಡೆದು ಮೇಲೆ ಮಾಡು ಹಾಕಿದರೆ ಅದೇ ಸೇತುವೆ ನೂರೈವತ್ತು ವರ್ಷ ದಾಟಿಯೂ ನಿಲ್ಲುತ್ತದೆ. ಮಾಡು ಸೋರಿದರೆ ರಿಪೇರಿ ಮಾಡಬಹುದು, ಪಕ್ಕದ ಹಲಗೆ ಹಾಳಾದರೆ ಕಿತ್ತು ಬೇರೆ ಹೊಡೆಯಬಹುದು. ಒಳಗಿನ ತೊಲೆ ಹೋಯಿತೆಂದರೆ ಸೇತುವೆಯನ್ನೇ ಬಿಚ್ಚಬೇಕಾಗುತ್ತದೆ.

ಯುರೋಪಿನಲ್ಲಿ ಇಂಥವು ಬಹಳ ಹಿಂದೆಯೇ ಇದ್ದವು. ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿರುವ ಚಾಪೆಲ್ ಸೇತುವೆಯ ಮೂಲ ಹದಿನಾಲ್ಕನೇ ಶತಮಾನದ್ದು. ಅಮೆರಿಕದಲ್ಲಿ ಇದು ಬೇರೂರಿದ್ದು ಫಿಲಡೆಲ್ಫಿಯಾದಿಂದ. ಅಲ್ಲಿ ಸ್ಕೂಲ್‌ಕಿಲ್ ನದಿಗೆ ತಿಮೊಥಿ ಪಾಮರ್ ಎಂಬಾತ ದೊಡ್ಡದೊಂದು ಮರದ ಸೇತುವೆ ಕಟ್ಟಿದ. ಇಷ್ಟು ಖರ್ಚು ಮಾಡಿದ್ದು ಬೇಗ ಕೊಳೆಯಬಾರದು, ಹೊದಿಕೆ ಹಾಕಲೇಬೇಕು ಅಂತ ಪಟ್ಟು ಹಿಡಿದವನು ಸೇತುವೆ ಕಂಪನಿಯ ಅಧ್ಯಕ್ಷನಾಗಿದ್ದ ನ್ಯಾಯಾಧೀಶ ರಿಚರ್ಡ್ ಪೀಟರ್ಸ್. 1805ರಲ್ಲಿ ಆ ಹೊದಿಕೆ ಬಂತು. ಆಮೇಲೆ ಹಳ್ಳಿಹಳ್ಳಿಗೂ ಹರಡಿ, ಒಂದು ಕಾಲದಲ್ಲಿ ಈ ದೇಶದಲ್ಲಿ ಇಂಥ ಸೇತುವೆಗಳು ಹತ್ತು ಸಾವಿರಕ್ಕೂ ಜಾಸ್ತಿ ಇದ್ದವು. ಈಗ ಸಾವಿರವೂ ಇಲ್ಲ. ಇರುವುದರಲ್ಲಿ ಪೆನ್ಸಿಲ್ವೇನಿಯಾದ ಪಾಲು ಎಲ್ಲಕ್ಕಿಂತ ದೊಡ್ಡದು. ವರ್ಮಾಂಟ್ ಪುಟ್ಟ ರಾಜ್ಯ, ಆದರೂ ಅಲ್ಲಿ ಸುಮಾರು ನೂರು ಉಳಿದಿವೆ. ಒಂದೇ ದಿನದ ಡ್ರೈವಿನಲ್ಲಿ ಹಲವು ನೋಡಲು ಸಿಗುವುದು ಅದಕ್ಕೇ.

ಈಗ ಒಳಗೆ ಹೋಗೋಣ.

ಹೊದಿಕೆ ಮಳೆಯನ್ನು ತಡೆಯುತ್ತದೆ. ಭಾರ ಹೊರುವುದು ಅದರೊಳಗಿನ ಟ್ರಸ್. ತೊಲೆಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿದ ಚೌಕಟ್ಟು ಅದು. ಚೌಕವನ್ನು ಒಂದು ಮೂಲೆಯಿಂದ ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಇಷ್ಟು ಗೊತ್ತಿದ್ದರೆ ಯಾವ ಸೇತುವೆಯೊಳಗೆ ಹೋದರೂ ಕಣ್ಣು ತಾನಾಗಿ ಓಡುತ್ತದೆ. ಎರಡು ಹೆಸರು ನೆನಪಿಟ್ಟುಕೊಳ್ಳಿ. ಒಬ್ಬ ಥಿಯೊಡೋರ್ ಬರ್. ನೆಟ್ಟ ಕಂಬ, ಓರೆ ತೊಲೆಗಳ ಚೌಕಟ್ಟಿಗೆ ದೊಡ್ಡ ಮರದ ಕಮಾನು ಕೂಡಿಸಿ 1817ರಲ್ಲಿ ಪೇಟೆಂಟ್ ಪಡೆದ. ಪೆನ್ಸಿಲ್ವೇನಿಯಾ, ಇಂಡಿಯಾನ ಕಡೆ ಹೋದರೆ ಈ ಕಮಾನುಗಳೇ ಹೆಚ್ಚು.

ಇನ್ನೊಬ್ಬ ಇಥಿಯಲ್ ಟೌನ್, ಕನೆಕ್ಟಿಕಟ್‌ನ ವಾಸ್ತುಶಿಲ್ಪಿ. ಇವನ ಯೋಚನೆ ನನಗೆ ಇವತ್ತಿಗೂ ಬೆರಗು. ಭಾರಿ ತೊಲೆಗಳೇ ಬೇಡ ಅಂದ. ಮೂರು ಇಂಚು ದಪ್ಪದ ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಯಿಸಿ, ಉದ್ದಕ್ಕೂ ಜಾಲರಿ ಹೆಣೆಯಿರಿ. ಹಾಯುವ ಕಡೆಯಲ್ಲೆಲ್ಲ ತೂತು ಕೊರೆದು, ಹೆಬ್ಬೆರಳಿಗಿಂತ ದಪ್ಪದ ಮರದ ಗೂಟ ಬಡಿಯಿರಿ. ಅಷ್ಟೇ. ಹತ್ತಿರದ ಸಾಮಿಲ್ಲಿನಲ್ಲಿ ಸಿಗುವ ಹಲಗೆ ಸಾಕು, ಊರಿನ ಬಡಗಿಗಳೇ ಕಟ್ಟಬಹುದು. 1820ರಲ್ಲಿ ಪೇಟೆಂಟ್ ಪಡೆದು, ಈ ಬಗೆಯಲ್ಲಿ ಕಟ್ಟುವವರಿಂದ ಅಡಿಗೆ ಒಂದು ಡಾಲರ್ ಕೇಳುತ್ತಿದ್ದನಂತೆ. ಕೇಳದೆ ಕಟ್ಟಿ ಸಿಕ್ಕಿಬಿದ್ದರೆ ಎರಡು ಡಾಲರ್! ಇಂಥ ಸೇತುವೆಯೊಳಗೆ ಒಂದು ಕೂಡುಗಂಟಿನ ಹತ್ತಿರ ಮುಖ ಇಟ್ಟು ನೋಡಿ. ಗೂಟದ ತಲೆ ಹಲಗೆಯಿಂದ ತುಸು ಹೊರಗೆ ಚಾಚಿರುತ್ತದೆ. ಬಡಿದ ಏಟಿಗೆ ಅಂಚು ಸೀಳಿ, ನಾರು ಹೂವಿನ ಹಾಗೆ ಅರಳಿರುತ್ತದೆ. ನೂರೈವತ್ತು ವರ್ಷದ ಹಿಂದೆ ಯಾರೋ ಬಡಗಿ ಕೊಡತಿಯಲ್ಲಿ ಕೊಟ್ಟ ಪೆಟ್ಟಿನ ಗುರುತು ಅದು. ಮುಟ್ಟಿದರೆ ಬೆರಳಿಗೆ ಸಿಗುತ್ತದೆ. ಅದರ ಫೋಟೊ ತೆಗೆಯಿರಿ ಅಂತ ನನ್ನ ಜೊತೆ ಬಂದವರಿಗೆಲ್ಲ ಹೇಳುತ್ತೇನೆ.

ಒಂದೇ ಸೇತುವೆ ನೋಡಲು ಸಮಯವಿದ್ದರೆ ಕಾರ್ನಿಶ್-ವಿಂಡ್ಸರ್ ನೋಡಿ. ಕನೆಕ್ಟಿಕಟ್ ನದಿಯ ಮೇಲೆ, ನ್ಯೂ ಹ್ಯಾಂಪ್‌ಶೈರ್‌ನ ಕಾರ್ನಿಶ್ ಊರಿಗೂ ವರ್ಮಾಂಟ್‌ನ ವಿಂಡ್ಸರ್‌ಗೂ ನಡುವೆ ಇದೆ. ಉದ್ದ ಸುಮಾರು 449 ಅಡಿ. 1866ರಲ್ಲಿ ಜೇಮ್ಸ್ ಟಾಸ್ಕರ್ ಮತ್ತು ಬೆಲಾ ಫ್ಲೆಚರ್ 9,000 ಡಾಲರಿಗೆ ಕಟ್ಟಿದ್ದು. ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಮೂರು ಸೇತುವೆ ಆಗಿಹೋಗಿದ್ದವು. ಇದಕ್ಕೆ ಹಲಗೆಯ ಬದಲು ಚೌಕ ಕೊಯ್ದ ತೊಲೆಗಳಲ್ಲೇ ಜಾಲರಿ ಹೆಣೆದರು. ಮೊದಲು ವಿಂಡ್ಸರ್ ಹತ್ತಿರದ ಹುಲ್ಲುಗಾವಲಿನಲ್ಲಿ ಚೌಕಟ್ಟು ಜೋಡಿಸಿ, ಆಮೇಲೆ ನದಿಗೆ ತಂದು ನಿಲ್ಲಿಸಿದರಂತೆ. ಬಾಯಿಯ ಮೇಲೆ ಒಂದು ಫಲಕ ಇದೆ: ಕುದುರೆಗಳನ್ನು ನಡೆಸಿಕೊಂಡು ಹೋಗಿ, ಇಲ್ಲವೇ ಎರಡು ಡಾಲರ್ ದಂಡ ಕೊಡಿ. ಕುದುರೆಗಳು ಒಂದೇ ತಾಳದಲ್ಲಿ ದೌಡಾಯಿಸಿದರೆ ಸೇತುವೆ ಅದುರಿ ಗೂಟಗಳು ಸಡಿಲವಾಗುತ್ತವೆ ಅನ್ನುವ ಭಯ. 1943ರವರೆಗೂ ಇಲ್ಲಿ ಸುಂಕ ಕೊಡಬೇಕಿತ್ತು. ಇನ್ನೊಂದು ವಿಷಯ. ಎರಡು ರಾಜ್ಯಗಳ ಗಡಿ ನದಿಯ ನಡುವೆ ಇಲ್ಲ, ವರ್ಮಾಂಟ್ ಕಡೆಯ ದಡದಲ್ಲೇ ಇದೆ. ಹಾಗಾಗಿ ವಿಂಡ್ಸರ್ ಕಡೆಯಿಂದ ಸೇತುವೆಗೆ ಕಾರು ಹತ್ತಿಸಿದಿರಿ ಅಂದರೆ ಹೆಚ್ಚುಕಮ್ಮಿ ಆಗಲೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿದ್ದೀರಿ.

ಇದರ ಚಿತ್ರ ತೆಗೆಯಲು ಬೆಳಗ್ಗೆ ಬೇಗ ನ್ಯೂ ಹ್ಯಾಂಪ್‌ಶೈರ್ ದಡದಲ್ಲಿರಬೇಕು. ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಸೇತುವೆಯ ಪಕ್ಕದ ಬೂದು ಹಲಗೆಗಳ ಮೇಲೂ, ಆಚೆ ದಡದ ಅಸ್ಕಟ್ನಿ ಬೆಟ್ಟದ ಮೇಲೂ ಒಟ್ಟಿಗೇ ಬೆಳಕು ಬೀಳುತ್ತದೆ. ಶರತ್ಕಾಲದ ಮುಂಜಾವಿನಲ್ಲಿ ನದಿಯ ಮೇಲೆ ಮಂಜು ಇರುವುದೇ ಹೆಚ್ಚು. ಬೇಜಾರು ಮಾಡಿಕೊಂಡು ಹೊರಟುಬಿಡಬೇಡಿ, ಕಾಯಿರಿ. ಮಂಜು ಕರಗುವಾಗ ಮೊದಲು ಮಾಡು ಕಾಣುತ್ತದೆ, ಆಮೇಲೆ ಹಲಗೆ, ಕೊನೆಗೆ ನೀರಿನ ನಡುವಿನ ಕಂಬ.

ಒಳಗಿನ ಚಿತ್ರ ತೆಗೆಯುವುದು ಕಷ್ಟ, ಅದಕ್ಕೇ ಜನ ತೆಗೆಯುವುದಿಲ್ಲ. ಒಳಗೆ ಕತ್ತಲೆ, ಆಚೆ ತುದಿಯ ಬಾಯಿಯಲ್ಲಿ ಕಣ್ಣು ಕೋರೈಸುವ ಬಿಸಿಲು. ಕ್ಯಾಮೆರಾ ಯಾವುದಾದರೂ ಒಂದನ್ನೇ ಹಿಡಿಯುತ್ತದೆ. ನನ್ನ ಸಲಹೆ, ಒಳಗಿನ ಚಿತ್ರಕ್ಕೆ ಮೋಡದ ದಿನ ಆರಿಸಿಕೊಳ್ಳಿ. ಎಲ್ಲರೂ ಬಿಸಿಲು ಬಂದಿಲ್ಲ ಅಂತ ಮನೆಯಲ್ಲಿ ಕೂತ ದಿನವೇ ಮರದ ಬಣ್ಣ ಚೆನ್ನಾಗಿ ಬರುತ್ತದೆ. ಬೆಳಕಿರುವ ಬಾಯಿಯನ್ನು ಫ್ರೇಮಿನಿಂದ ಹೊರಗಿಟ್ಟು, ಪಕ್ಕದ ಟ್ರಸ್ ಕಡೆ ಓರೆಯಾಗಿ ತಿರುಗಿ. ಫೋನಿನಲ್ಲಾದರೆ ತೊಲೆಯ ಮೇಲೆ ಬೆರಳಿಟ್ಟು ಬೆಳಕು ಹೊಂದಿಸಿ. ಫ್ಲ್ಯಾಶ್ ಬೇಡವೇ ಬೇಡ, ಹಲಗೆಯ ಸಂದಿಗಳಿಂದ ತೂರಿ ಬರುವ ಬೆಳಕಿನ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಟ್ರೈಪಾಡನ್ನು ದಾರಿಯಲ್ಲಿ ಊರಬೇಡಿ. ಇವು ಓಡಾಟದ ಸೇತುವೆಗಳು, ಬಿಸಿಲಿನಿಂದ ಒಳಗೆ ಬರುವ ಚಾಲಕನಿಗೆ ಕತ್ತಲಲ್ಲಿ ನಿಂತ ನೀವು ಕಾಣುವುದಿಲ್ಲ. ಆಮೇಲೆ ದಡಕ್ಕಿಳಿದು, ಕೆಳಗಿನಿಂದ ಹಾಸುಹಲಗೆ ಹೊತ್ತ ತೊಲೆಗಳನ್ನೂ ಕಲ್ಲಿನ ಕಟ್ಟೆಯನ್ನೂ ನೋಡಿ. ಮಳೆ ಬಂದ ಮರುದಿನ ಕಲ್ಲು ಜಾರುತ್ತದೆ, ಜೋಪಾನ.

ಇವು ಹೇಗೆ ಉಳಿದವು ಅನ್ನುವುದು ನನಗೆ ತುಂಬ ಮುಖ್ಯವಾದ ವಿಷಯ. ನವೆಂಬರ್ 1927ರ ಪ್ರವಾಹ ವರ್ಮಾಂಟ್ ಒಂದರಲ್ಲೇ 1,200ಕ್ಕೂ ಜಾಸ್ತಿ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಅದರಲ್ಲಿ ಮರದವು ಎಷ್ಟೋ. ಆಮೇಲೆ ಕಾಂಕ್ರೀಟು, ಉಕ್ಕು ಬಂತು. ಹತ್ತಿರದ ಕಾಲದ ಕತೆ ಬೇಕೆಂದರೆ ಬಾರ್ಟನ್ಸ್‌ವಿಲ್ ಇದೆ. 1870ರ ಜಾಲರಿ ಸೇತುವೆ, ಕೆಳಗೆ ವಿಲಿಯಮ್ಸ್ ನದಿ. ಆಗಸ್ಟ್ 28, 2011ರಂದು ಐರೀನ್ ಚಂಡಮಾರುತದ ಮಳೆಗೆ ನದಿ ಉಕ್ಕಿತು. ಊರಿನವರೊಬ್ಬರು ತೆಗೆದ ವಿಡಿಯೊ ನಿಮ್ಮಲ್ಲಿ ಕೆಲವರು ನೋಡಿರಬಹುದು. ಮಾಡು, ಗೋಡೆ, ಎಲ್ಲ ಸಮೇತ ಸೇತುವೆ ಒಂದು ಕಡೆಗೆ ವಾಲಿ ನೀರಿಗೆ ಬೀಳುತ್ತದೆ. ನೋಡಿದರೆ ಕರುಳು ಚುರ್ ಅನ್ನುತ್ತದೆ. ಕಾಂಕ್ರೀಟು ಹಾಕಿ ಮುಗಿಸಬಹುದಿತ್ತು. ಊರಿನವರು ಅದೇ ಜಾಲರಿ, ಅದೇ ಬಗೆಯ ಮರದ ಸೇತುವೆಯೇ ಬೇಕು ಅಂದರು. ಜನವರಿ 2013ರಲ್ಲಿ ಅದರ ಮೇಲೆ ಮತ್ತೆ ಕಾರು ಓಡಿದವು.

ಇಂಡಿಯಾನದ ಪಾರ್ಕ್ ಕೌಂಟಿಯಲ್ಲೂ ಹೀಗೇ ಆಯಿತು. ಅಲ್ಲಿ 31 ಸೇತುವೆಗಳಿವೆ, ಅಕ್ಟೋಬರಿನಲ್ಲಿ ದೊಡ್ಡ ಜಾತ್ರೆಯೇ ನಡೆಯುತ್ತದೆ. ಬ್ರಿಜ್‌ಟನ್‌ನ 1868ರ ಸೇತುವೆಗೆ 2005ರಲ್ಲಿ ಯಾರೋ ಬೆಂಕಿ ಇಟ್ಟರು. ಮರುವರ್ಷವೇ ಊರಿನವರು ಕೈಜೋಡಿಸಿ ಮತ್ತೆ ಎಬ್ಬಿಸಿದರು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಪೈನ್‌ಟೌನ್ ಸೇತುವೆ 1972ರ ಆಗ್ನೆಸ್ ಚಂಡಮಾರುತಕ್ಕೆ ಸಿಕ್ಕಿ ಕಿತ್ತುಹೋದಾಗ, ಮರುವರ್ಷ ನಿಲ್ಲಿಸಿದ್ದು ಆಮಿಶ್ ಬಡಗಿಗಳು, ಅಂದರೆ ಹಳೆಯ ಕಾಲದ ಹಾಗೆ ಸರಳವಾಗಿ ಬದುಕುವ ಒಂದು ಕ್ರೈಸ್ತ ಪಂಗಡದವರು. ಆ ಕಡೆ ಹೋದರೆ ಸೇತುವೆಯಲ್ಲಿ ಆಮಿಶ್ ಜನರ ಕುದುರೆಗಾಡಿ ಎದುರಾಗುತ್ತದೆ. ಚಿತ್ರ ಬಹಳ ಚೆನ್ನಾಗಿ ಬರುತ್ತದೆ, ನಿಜ. ಆದರೆ ಮುಖದ ಫೋಟೊ ತೆಗೆಯುವುದು ಅವರ ಧರ್ಮಕ್ಕೆ ಒಗ್ಗದ ವಿಷಯ. ಕ್ಯಾಮೆರಾ ಇಳಿಸಿ, ಅವರು ದಾಟಿ ಹೋಗಲಿ.

ಪ್ರವಾಹ, ಬೆಂಕಿ ಬಿಟ್ಟರೆ ಈಗಿನ ದೊಡ್ಡ ಕಾಟ ಎತ್ತರದ ಲಾರಿಗಳದ್ದು. ಜಿಪಿಎಸ್ ತೋರಿಸಿತು ಅಂತ ಬಾಡಿಗೆ ಲಾರಿ ನುಗ್ಗಿಸಿ, ಬಾಯಿಯ ಮೇಲಿನ ತೊಲೆಗಳನ್ನೇ ಕಿತ್ತುಹಾಕುತ್ತಾರೆ. ಮನೆ ಬದಲಾಯಿಸುವಾಗ ಇಂಥ ಲಾರಿ ತೆಗೆದುಕೊಳ್ಳುವವರು ನಮ್ಮಲ್ಲೂ ಇದ್ದೇವೆ, ಅಲ್ವಾ? ಎತ್ತರ, ತೂಕದ ಫಲಕ ದಯವಿಟ್ಟು ಓದಿ.

ದಾರಿಯ ವಿಷಯ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಎಲೆಗಳ ಬಣ್ಣ ಜೋರು, ಜನವೂ ಜೋರು. ಶನಿವಾರ, ಭಾನುವಾರ ಬಿಟ್ಟು ಹೋಗಲು ಆಗುವುದಾದರೆ ಹಾಗೇ ಮಾಡಿ. ಮೊದಲು ಬೆಳಗಿನ ಬೆಳಕಿಗೆ ಕಾರ್ನಿಶ್. ಅಲ್ಲೇ 12ಎ ರಸ್ತೆಯಿಂದ ತುಸು ಒಳಗೆ ಅದೇ ಟಾಸ್ಕರ್ ಕಟ್ಟಿದ ಎರಡು ಸಣ್ಣ ಸೇತುವೆಗಳಿವೆ, ಬ್ಲೋ-ಮಿ-ಡೌನ್ ಮತ್ತು ಡಿಂಗಲ್ಟನ್ ಹಿಲ್. ದೊಡ್ಡದನ್ನು ನೋಡಿದ ಮೇಲೆ ಇವನ್ನು ನೋಡಿದರೆ ಅವನ ಕೈ ಗುರುತು ಸಿಗುತ್ತದೆ. ಅಲ್ಲಿಂದ ನದಿ ದಾಟಿ ಉತ್ತರಕ್ಕೆ ಸುಮಾರು ಅರ್ಧ ಗಂಟೆ ಹೋದರೆ ಟಾಫ್ಟ್ಸ್‌ವಿಲ್. 1836ರ ಕೆಂಪು ಸೇತುವೆ, ಪಕ್ಕದಲ್ಲೇ ನೀರು ಧುಮುಕುವ ಅಣೆಕಟ್ಟು. ಐರೀನ್ ಇದನ್ನೂ ಬಿಟ್ಟಿರಲಿಲ್ಲ, ಎರಡು ವರ್ಷ ಮುಚ್ಚಿ ರಿಪೇರಿ ಮಾಡಿದರು. ಅಲ್ಲಿಂದ ಹತ್ತಿರದಲ್ಲೇ ವುಡ್‌ಸ್ಟಾಕ್ ಪೇಟೆ. ಅಲ್ಲಿಯ ನಡುಸೇತುವೆ 1969ರದ್ದು ಅಂತ ಕೇಳಿ ಮೂಗು ಮುರಿಯಬೇಡಿ. ಕಬ್ಬಿಣದ ಸೇತುವೆ ತೆಗೆದು, ಮಿಲ್ಟನ್ ಗ್ರೇಟನ್ ಎಂಬ ಕುಶಲ ಬಡಗಿಯ ಕೈಯಲ್ಲಿ ಇಥಿಯಲ್ ಟೌನ್ ಬಗೆಯ ಜಾಲರಿ, ಮರದ ಗೂಟ ಎಲ್ಲ ಹಳೆಯ ಪದ್ಧತಿಯಲ್ಲೇ ಕಟ್ಟಿಸಿದ್ದು. ನೂರು ವರ್ಷದ ಮರಕ್ಕೂ ಹೊಸ ಮರಕ್ಕೂ ಇರುವ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಒಂದು ಸೇತುವೆಗೆ ಮೂರು ನಾಲ್ಕು ಹೆಸರು ಇರುವುದುಂಟು. ಹಾಗಾಗಿ ಚಿತ್ರಗಳಿಗೆ ಹೆಸರಿನ ಜೊತೆ, ಇಂಥ ಸೇತುವೆಗಳ ಪಟ್ಟಿಯಲ್ಲಿ ಅದಕ್ಕೆ ಕೊಟ್ಟಿರುವ ನಂಬರನ್ನೂ ಬರೆದಿಡಿ. ಆ ನಂಬರಿನ ಮೊದಲ ಭಾಗ ರಾಜ್ಯದ್ದು, ವರ್ಮಾಂಟ್‌ಗೆ 45, ನ್ಯೂ ಹ್ಯಾಂಪ್‌ಶೈರ್‌ಗೆ 29. ಆಮೇಲೆ ಕೌಂಟಿ, ಕೊನೆಯದು ಸೇತುವೆಯದ್ದು.

ದಕ್ಷಿಣ ಕಡೆಯಿಂದ ಬರುವವರು ಬ್ರಾಟಲ್‌ಬರೋ ದಾಟಿ 30ನೇ ನಂಬರ್ ರಸ್ತೆ ಹಿಡಿದರೆ ವೆಸ್ಟ್ ಡಮ್ಮರ್‌ಸ್ಟನ್ ಸೇತುವೆ ಸಿಗುತ್ತದೆ. 1872ರದ್ದು, 280 ಅಡಿ ಉದ್ದ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾನು ಇದನ್ನೇ ಹೇಳುವುದು. ನೀರು ಕಡಿಮೆ ಇದ್ದಾಗ ದಡದ ಕಲ್ಲುಗಳ ಮೇಲೆ ಕೂತು ಬುತ್ತಿ ಬಿಚ್ಚಬಹುದು, ಅಲ್ಲಿಂದಲೇ ಸೇತುವೆಯ ಪೂರ್ತಿ ಉದ್ದ ಒಂದೇ ಫ್ರೇಮಿಗೆ ಬರುತ್ತದೆ.

ನಾನು ತೆಗೆದ ಚಿತ್ರಗಳನ್ನು ಈಗ ಪರದೆಯ ಮೇಲೆ ಹಾಕುತ್ತೇನೆ. ಮೊದಲ ಕೆಲವು ಗೂಟ, ತೊಲೆಗಳದ್ದೇ. ನಡುವೆ ಯಾವಾಗ ಬೇಕಾದರೂ ತಡೆದು ಪ್ರಶ್ನೆ ಕೇಳಿ.